ಸುಮ್ಮನಿರುವ ಟಿ ಕೋಶದೊಳಕ್ಕೂ ಕ್ಯಾಲ್ಸಿಯಂ ಹರಿಯುತ್ತದೆಯೇ?

ಕೋಶಪ್ರಿಯ: ಪ್ರಚೋದನೆಯಿಲ್ಲದ ಟಿ ಕೋಶದ (ರೋಗನಿರೋಧಕ ಬಿಳಿ ರಕ್ತಕಣದ) ಒಳರಸದಲ್ಲಿ ಕ್ಯಾಲ್ಸಿಯಂ 50–100 ನ್ಯಾನೋಮೋಲಾರ್, ಹೊರಗೆ 1–2 ಮಿಲಿಮೋಲಾರ್. ಹೊರದ್ರಾವಣಕ್ಕೆ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಹಾಕಿದ ಕೂಡಲೇ, ಕೋಶಕ್ಕೆ ತುಂಬಿದ ಕ್ಯಾಲ್ಸಿಯಂ-ಸೂಚಕ ಬಣ್ಣ ಫ್ಯೂರಾ-2ರ 340/380 ಅನುಪಾತ (ಈ ಎರಡು ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಹೊಳಪಿನ ಅನುಪಾತ; ಕ್ಯಾಲ್ಸಿಯಂ ಹೆಚ್ಚಿದರೆ ಏರುತ್ತದೆ) ಇಳಿಯುತ್ತದೆ. ಸುಮ್ಮನಿದ್ದಾಗಲೂ ಒಳಹರಿವು ಇದೆ ಎನ್ನಲು ಇಷ್ಟು ಸಾಲದೇ?

ತುಂಗಾತೀರ: ಸಾಲದು. ಒಳಹರಿವು ಇರುವುದು ನಿಜ, ಪುರಾವೆ ಮಾತ್ರ ದುರ್ಬಲ. ಪುಟ್ಟ ಅಳತೆ-ಪಾತ್ರೆಯಾದ ಕ್ಯುವೆಟ್‌ನಲ್ಲಿ ಅಳೆಯುವುದಾದರೆ ಕೋಶದಿಂದ ಸೋರಿದ ಬಣ್ಣವೂ ಲೆಕ್ಕಕ್ಕೆ ಸೇರುತ್ತದೆ. ಹೊರಗಿನ ಕ್ಯಾಲ್ಸಿಯಂ ಹಿಡಿದು ಕೂತ ಆ ಬಣ್ಣದ ಸಂಕೇತ ಇಜಿಟಿಎ ಬಿದ್ದ ಕ್ಷಣವೇ ಕುಸಿಯುತ್ತದೆ. 37 ಡಿಗ್ರಿಯಲ್ಲಿ ಸೋರಿಕೆ ಇನ್ನೂ ಜಾಸ್ತಿ, ಪ್ರೊಬೆನೆಸಿಡ್ 1–2.5 ಮಿಲಿಮೋಲಾರ್ ಹಾಕಿದರೆ ತಗ್ಗುತ್ತದೆ. ಫ್ಯೂರಾ-2ರ ಹೊಳಪು ನಂದಿಸುವ ಮ್ಯಾಂಗನೀಸ್ ಬಳಸಿ, ಕ್ಯಾಲ್ಸಿಯಂ ಏರಿಳಿತ ತಟ್ಟದ 360 ನ್ಯಾನೋಮೀಟರ್‌ನಲ್ಲಿ ನೋಡಿ. ಮೊದಲ ದಿಢೀರ್ ಕುಸಿತ ಹೊರಗಿನ ಬಣ್ಣದ್ದು, ಆಮೇಲಿನ ಇಳಿಜಾರು ಒಳಹರಿವಿನದು.

ಕೋಶಪ್ರಿಯ: ಇಜಿಟಿಎಯಲ್ಲಿ ಹತ್ತು ನಿಮಿಷ ಇಟ್ಟು ಕ್ಯಾಲ್ಸಿಯಂ ಮರಳಿಸಿದರೆ ಅನುಪಾತ ಮೊದಲಿಗಿಂತ ಮೇಲೇರುತ್ತದಲ್ಲ, ಅದು?

ಬಯಲುಸೀಮೆ: ಅಲ್ಲೇ ಎಡವುವುದು. ಅಷ್ಟು ಹೊತ್ತಿಗೆ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ದಾಸ್ತಾನು ತಾನಾಗಿ ಸೋರಿರುತ್ತದೆ, ಆ ಕೊರತೆಯನ್ನು ಗ್ರಹಿಸುವ ಸ್ಟಿಮ್ ಪ್ರೋಟೀನ್‌ಗಳು ಹೊರಪೊರೆಯಲ್ಲಿರುವ ಒರಾಯ್1 ಕ್ಯಾಲ್ಸಿಯಂ ವಾಹಿನಿಯನ್ನು ತೆರೆದಿರುತ್ತವೆ. ನೀವು ಅಳೆಯುವುದು ವಿಶ್ರಾಂತ ಸ್ಥಿತಿಯನ್ನಲ್ಲ, ನೀವೇ ಖಾಲಿ ಮಾಡಿದ ಕೋಶವನ್ನು. ಎರಡು ಮೂರು ನಿಮಿಷದೊಳಗೆ ಮುಗಿಸಿ. ಇಜಿಟಿಎ ಕ್ಯಾಲ್ಸಿಯಂ ಹಿಡಿದಾಗ ಪ್ರೋಟಾನ್ ಬಿಡುತ್ತದೆ. ಪಿಎಚ್ ಕಾಯುವ ಹೆಪಿಸ್ ಕಡಿಮೆಯಿದ್ದರೆ ಪಿಎಚ್ ಇಳಿದು, ಇಜಿಟಿಎಯ ಹಿಡಿತವೇ ಸಡಿಲಾಗುತ್ತದೆ.

ತುಂಗಾತೀರ: ಪ್ರಚೋದಿತ ಕೋಶದ ವಿಷಯಕ್ಕೂ ಒಂದು ಮಾತು. ದಾಸ್ತಾನು ಖಾಲಿ ಮಾಡಲು ಬಳಸುವ 1 ಮೈಕ್ರೋಮೋಲಾರ್ ಥಾಪ್ಸಿಗಾರ್ಜಿನ್, ದಾಸ್ತಾನಿಗೆ ಕ್ಯಾಲ್ಸಿಯಂ ತುಂಬುವ ಸೆರ್ಕಾ ಪಂಪನ್ನು ಕಟ್ಟಿಹಾಕುತ್ತದೆ, ಟಿ ಕೋಶದ ಗ್ರಾಹಿಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಗ್ರಾಹಿಯ ಸಂಕೇತವನ್ನು ದಾಸ್ತಾನಿಗೆ ಮುಟ್ಟಿಸುವ, ಅದರ ಕೆಳಗಿನ ಪಿಎಲ್‌ಸಿ-ಗಾಮಾ1, ಐಪಿ3 ಹಂತಗಳ ಬಗ್ಗೆ ಅದರಿಂದ ಏನೂ ತಿಳಿಯದು. ಕ್ಯಾಲ್ಸಿಯಂ ಮರಳಿಸಿದ ಮೇಲೆ ರೇಖೆಯಲ್ಲಿ ಎತ್ತರದ ಸಮತಟ್ಟು ಕಂಡರೆ ಒರಾಯ್ ಹೆಚ್ಚಿದೆ ಎಂದು ಬರೆದುಬಿಡುತ್ತಾರೆ; ಕ್ಯಾಲ್ಸಿಯಂ ಹೊರದೂಡುವ ಹೊರಪೊರೆಯ ಪಿಎಂಸಿಎ ಪಂಪು ಕುಂಠಿತವಾದರೂ ಅದೇ ಚಿತ್ರ.

ಕೋಶಪ್ರಿಯ: ಬೇರ್ಪಡಿಸುವುದು ಹೇಗೆ?

ಬಯಲುಸೀಮೆ: ಕ್ಯಾಲ್ಸಿಯಂ ಮರಳಿಸಿದ ಮೊದಲ 15–20 ಸೆಕೆಂಡಿನ ಏರುವೇಗ ಒಳಹರಿವಿಗೆ ಹತ್ತಿರ. ಆಮೇಲೆ ಹೊರಗಿನ ಕ್ಯಾಲ್ಸಿಯಂ ತೆಗೆದು ಇಳಿವೇಗ ನೋಡಿ. ಸೆರ್ಕಾ ಕಟ್ಟಿರುವುದರಿಂದ ಅದು ಬಹುಪಾಲು ಪಿಎಂಸಿಎ ಕೆಲಸ. ಏರುವೇಗ ಕಡಿಮೆ ಬಂದ ಮಾತ್ರಕ್ಕೆ ಒರಾಯ್ ಕೆಟ್ಟಿದೆ ಎನ್ನಬೇಡಿ. ಕೆವಿ1.3, ಕೆಸಿಎ3.1 ಪೊಟ್ಯಾಸಿಯಂ ವಾಹಿನಿಗಳು ಪೊರೆಯ ಒಳಬದಿಯನ್ನು ಋಣವಾಗಿ ಇಡದಿದ್ದರೆ, ಒರಾಯ್ ಸರಿಯಿದ್ದರೂ ಕ್ಯಾಲ್ಸಿಯಂ ಸೆಳೆಯುವ ಬಲವೇ ಇರದು. 2006ರಲ್ಲಿ ವರದಿಯಾದ ಒರಾಯ್1ರ ಆರ್91ಡಬ್ಲ್ಯು ಎಂಬ ಜೀನ್ ರೂಪಾಂತರದ ಮಕ್ಕಳಲ್ಲಿ ದಾಸ್ತಾನಿನ ಬಿಡುಗಡೆ ಸರಿಯಿತ್ತು, ಒಳಹರಿವು ಮಾತ್ರ ನಿಂತಿತ್ತು, ರೋಗನಿರೋಧಕತೆ ತೀವ್ರವಾಗಿ ಕುಸಿದಿತ್ತು. ಎರಡು ಹಂತಗಳನ್ನು ಬೇರೆಬೇರೆ ಅಳೆಯಲೇಬೇಕು ಎನ್ನುವುದು ಇದಕ್ಕೇ.