ಸಹಾಯ ಬೇಕು: ಮಡಚುವ ಚಾಕುವಿನ ಕೀಲು ಸ್ವಚ್ಛ ಮಾಡುವುದು ಹೇಗೆ?

ನಮಸ್ಕಾರ. ನಾವು ಮಡಿಕೇರಿ ಹತ್ತಿರದವರು. ತೋಟಕ್ಕೆ ಹೋಗುವಾಗ ಜೇಬಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಕಿತ್ತಳೆ, ಸೀಬೆ ಎಲ್ಲ ಕೊಯ್ಯುವುದು ಅದರಲ್ಲೇ. ಹೋದ ಭಾನುವಾರ ಎಡವಟ್ಟಾಯಿತು. ತೋಟದಲ್ಲೇ ಅಡುಗೆ, ಬೇರೆ ಚಾಕು ತಂದಿರಲಿಲ್ಲ. ಹಸಿ ಹಂದಿ ಮಾಂಸವನ್ನೂ ಅದರಲ್ಲೇ ಕೊಯ್ದೆ.

ಅಲಗನ್ನು ಸೋಪು, ಬಿಸಿನೀರಲ್ಲಿ ತೊಳೆದಿದ್ದೇನೆ. ತಲೆನೋವು ಇರುವುದು ಕೀಲಿನಲ್ಲಿ. ಹಲ್ಲುಕಡ್ಡಿ ಹಾಕಿ ಕೆರೆದರೆ ಕಪ್ಪು ಜಿಡ್ಡು, ಕಿತ್ತಳೆ ನಾರು, ಜೇಬಿನ ದಾರದ ಚೂರು ಎಲ್ಲ ಬರುತ್ತಿದೆ. ವಾಸನೆ ಬೇರೆ! ಟೂತ್‌ಬ್ರಶ್ ಅಷ್ಟು ಒಳಗೆ ಹೋಗುತ್ತಿಲ್ಲ. ರಿವೆಟ್ ಹೊಡೆದದ್ದು, ಬಿಚ್ಚಲೂ ಆಗುವುದಿಲ್ಲ.

ಕುದಿಯುವ ನೀರಿಗೆ ಹಾಕೋಣವೆಂದರೆ ಹಿಡಿ ಮರದ್ದು, ಬಿರುಕು ಬಿಟ್ಟೀತು. ಬ್ಲೀಚ್ ಹಾಕಿದರೆ ತುಕ್ಕು ಗ್ಯಾರಂಟಿ. ಇದು ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಸ್ಟೀಲ್. ಕಾಚಂಪುಳಿ (ಹಂದಿ ಮಾಂಸಕ್ಕೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿರಸ) ತಾಗಿದ ಕಡೆ ಆಗಲೇ ಕಪ್ಪು ಕಲೆ. ನಮ್ಮ ಮಳೆಗಾಲದ ತೇವ ಗೊತ್ತಲ್ವಾ, ಸುಮ್ನೆ ಇಟ್ಟರೂ ತುಕ್ಕು ಹಿಡಿಯುತ್ತದೆ.

ಜಿಡ್ಡು ಹೋಗದೆ ಸ್ಪಿರಿಟ್ ಹಾಕಿ ಪ್ರಯೋಜನವಿಲ್ಲ. ಮೊದಲು ಆ ಜಿಡ್ಡು ತೆಗೆಯುವುದು ಹೇಗೆ? ಆಮೇಲೆ ಕೀಲಿಗೆ ಯಾವ ಎಣ್ಣೆ ಬಿಡಲಿ? ತೆಂಗಿನೆಣ್ಣೆ ಇಲ್ಲಿನ ಚಳಿಗೆ ಗಟ್ಟಿಯಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಹಣ್ಣಿಗೆ ತಾಗುವುದು ಬೇಡ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಹೊಸದು ತಗೊಳ್ಳಿ ಅನ್ನಬೇಡಿ, ಇದು ಅಜ್ಜನ ಚಾಕು.