ಹಕ್ಕಿ ಕೂಗು ಕೇಳಿ ಬರೆದ ಜಾಝ್ ಯಾವುದಾದ್ರೂ ಇದ್ಯಾ?

ತೋಟದ_ಹುಡುಗ:
ಸೋಮವಾರಪೇಟೆ ಕಡೆ ನಮ್ ಕಾಫಿ ತೋಟ. ಮಳೆ ಹಿಡೀತು ಅಂದ್ರೆ ಬೆಳಗ್ಗೆ ಇನ್ನೂ ಕತ್ತಲಿರುವಾಗ್ಲೇ ತೊರೆ ಹತ್ರ ಸಿಳ್ಳಾರ ಹಕ್ಕಿ ಶುರು ಮಾಡುತ್ತೆ, ಯಾರೋ ಸ್ಕೂಲ್ ಹುಡುಗ ಬೇಕು ಬೇಕಂತ ದಾರಿ ತಪ್ಪಿಸ್ಕೊಂಡು ಸಿಳ್ಳೆ ಹೊಡ್ಕೊಂಡು ಹೋದಂಗೆ, ಒಂದ್ಸಲ ಹಾಡಿದ್ದನ್ನ ಇನ್ನೊಂದ್ಸಲ ಹಾಗೇ ಹಾಡಲ್ಲ. ಇದು ಜಾಝೇ ಅಲ್ವಾ ಅನ್ನಿಸ್ತು. ಸ್ಯಾಕ್ಸೊಫೋನ್ ನುಡಿಸ್ತಿದ್ದ ಚಾರ್ಲಿ ಪಾರ್ಕರ್‌ಗೆ 'ಬರ್ಡ್' ಅಂತಿದ್ರಂತಲ್ಲ, ಅವ್ರದ್ದೇ ಕೇಳ್ಬೇಕಾ?

ಹಳೇ_ರೆಕಾರ್ಡು:
ಪಾರ್ಕರ್ ಕೇಳಿ, ಆದ್ರೆ ಹಕ್ಕಿಗೋಸ್ಕರ ಅಲ್ಲ 😄 'ಯಾರ್ಡ್‌ಬರ್ಡ್' (ಕೋಳಿ ಅಂತ ಅರ್ಥ) ಚಿಕ್ಕದಾಗಿ ಬರ್ಡ್ ಆಗಿದ್ದು, ಟೂರ್ ಹೋಗುವಾಗ ಕಾರಿಗೆ ಸಿಕ್ಕಿದ ಕೋಳಿನ ಎತ್ಕೊಂಡ್ ಹೋಗಿ ಅಡುಗೆ ಮಾಡಿಸಿದ್ರು ಅಂತ ಕಥೆ. 1946ರ 'ಆರ್ನಿಥಾಲಜಿ' (ಅಂದ್ರೆ ಪಕ್ಷಿಶಾಸ್ತ್ರ) ಅನ್ನೋ ಟ್ಯೂನ್ ಹೆಸ್ರೂ ಆ ಅಡ್ಡಹೆಸರಿನ ತಮಾಷೆನೇ. ನಿಮಗೆ ಬೇಕಿರೋದು ಕೊಳಲು, ಸ್ಯಾಕ್ಸೊಫೋನ್ ನುಡಿಸ್ತಿದ್ದ ಎರಿಕ್ ಡಾಲ್ಫಿ. ಮನೇಲಿ ಪ್ರಾಕ್ಟೀಸ್ ಮಾಡುವಾಗ ಹಕ್ಕಿ ಕೂಗಿದ್ರೆ ಪ್ರಾಕ್ಟೀಸ್ ಬಿಟ್ಟು ಅದ್ರ ಜೊತೆ ನುಡಿಸ್ತಿದ್ದೆ, ನಮ್ ಸ್ವರಗಳ ಮಧ್ಯದ ಸ್ವರ ಅವುಕ್ಕಿವೆ ಅಂತ 1962ರಲ್ಲಿ ಅವ್ರೇ ಹೇಳ್ಕೊಂಡಿದ್ರು. ಗಮಕ ಕೇಳಿ ಬೆಳೆದ ನಮ್ ಕಿವಿಗೆ ಇದೇನ್ ವಿಚಿತ್ರ ಅನ್ಸಲ್ಲ, ಪಿಯಾನೋದವ್ರಿಗೆ ಕಷ್ಟ.

ನಾಪೋಕ್ಲು_ಮಳೆ:
ಮರಿಯಾ ಶ್ನೈಡರ್ ಹೆಸ್ರು ಯಾರೂ ಹೇಳಿಲ್ವಲ್ಲ! ಬಿಗ್ ಬ್ಯಾಂಡಿಗೆ (ದೊಡ್ಡ ಜಾಝ್ ತಂಡ) ಬರೆಯೋ ಕಂಪೋಸರ್, ಬೈನಾಕ್ಯುಲರ್ ಹಿಡ್ಕೊಂಡು ಹಕ್ಕಿ ನೋಡೋ ಹುಚ್ಚು ಬೇರೆ. 2007ರ 'ಸ್ಕೈ ಬ್ಲೂ' ಆಲ್ಬಂನಲ್ಲಿ 'ಸೆರೂಲಿಯನ್ ಸ್ಕೈಸ್' ಇದೆ, 20 ನಿಮಿಷಕ್ಕೂ ಜಾಸ್ತಿ, ಗ್ರ್ಯಾಮಿನೂ ಬಂತು. ಸೆರೂಲಿಯನ್ ವಾರ್ಬ್ಲರ್ ಅಂತ ನೀಲಿ ಹಕ್ಕಿ, ಸುಮಾರು 9 ಗ್ರಾಂ ಅಷ್ಟೇ, ಉತ್ತರ ಅಮೆರಿಕದಿಂದ ಆಂಡೀಸ್ ಬೆಟ್ಟದ ತನಕ ಹಾರ್ಕೊಂಡ್ ಹೋಗುತ್ತೆ. ಚಳಿಗಾಲ ಎಲ್ಲಿ ಕಳೆಯುತ್ತೆ ಗೊತ್ತಾ, ಅಲ್ಲಿನ ಕಾಡಲ್ಲಿ, ಆಮೇಲೆ ನೆರಳು ಮರ ಇರೋ ಕಾಫಿ ತೋಟಗಳಲ್ಲಿ! ಮರ ಕಡಿದು ಬಿಸಿಲಲ್ಲಿ ಕಾಫಿ ಬೆಳೆದ್ರೆ ಅದಕ್ಕೆ ಜಾಗ ಇಲ್ಲ. ನಮ್ಮಲ್ಲೂ ಕಾಡುಮರ ತೆಗೆದು ಬರೀ ಸಿಲ್ವರ್ ಓಕ್ ಹಾಕ್ತಿರೋರು ಇದ್ನ ಒಂದ್ಸಲ ಕೇಳ್ಲಿ. (ನಮ್ ಮನೆಯವ್ರೂ ಸೇರಿ, ಇರ್ಲಿ ಬಿಡಿ.)

ಭೀಮರಾಜ_ಫ್ಯಾನ್:
ಶುರುನಲ್ಲಿ ಬ್ಯಾಂಡಿನವ್ರು ಹಕ್ಕಿ ಥರ ಚಿಲಿಪಿಲಿ ಮಾಡ್ತಾರಲ್ಲ, ನಂಗೆ ಸ್ವಲ್ಪ ಗಿಮಿಕ್ ಅನ್ನಿಸ್ತು ಸರ್. ಮಿಮಿಕ್ರಿ ಬೇಕಂದ್ರೆ ಭೀಮರಾಜ ಇದೆ ನಮ್ ತೋಟದಲ್ಲಿ, ಹತ್ತು ಹಕ್ಕಿ ಕೂಗು ಒಂದೇ ಉಸಿರಿಗೆ.

ನಾಪೋಕ್ಲು_ಮಳೆ:
ಅದು ಬರೀ ಬಾಗಿಲು ಕಣ್ರೀ, ಒಳಗೆ ಹೋಗಿ. ಟೆನರ್ ಸ್ಯಾಕ್ಸ್ ಏರ್ತಾ ಏರ್ತಾ ಇಡೀ ಬ್ಯಾಂಡ್ ಕೆಳಗಿಂದ ಗಾಳಿ ಥರ ಎತ್ತಿ ಹಿಡಿಯುತ್ತೆ, ಆಮೇಲೆ ಅಕಾರ್ಡಿಯನ್ ಬಂದಾಗ ಬೇರೆ ದೇಶಕ್ಕೇ ಇಳಿದಂಗೆ. ಕೂಗಿನ ನಕಲಲ್ಲ, ಹಾರಾಟ. 2000ದ 'ಅಲೆಗ್ರೆಸ್' ಆಲ್ಬಂನಲ್ಲಿ 'ಹ್ಯಾಂಗ್ ಗ್ಲೈಡಿಂಗ್' ಅಂತಾನೂ ಇದೆ, ರಿಯೋದಲ್ಲಿ ಸ್ವತಃ ಹಾರಿ ಬಂದು ಬರೆದಿದ್ದು. ಮತ್ತೆ ಸ್ಟ್ರೀಮಿಂಗ್ ಅಂದ್ರೆ ಅವ್ರಿಗೆ ಆಗಲ್ಲ, ಆಲ್ಬಂ ಕೊಂಡೇ ಕೇಳ್ಬೇಕು.

ತೋಟದ_ಹುಡುಗ:
ಕೊಂಡೆ. ಕರೆಂಟ್ ಇರ್ಲಿಲ್ಲ, ಫೋನ್ ಸ್ಪೀಕರಲ್ಲೇ ಹಾಕಿ ಜಗಲೀಲಿ ಕೂತಿದ್ದೆ, ಜೋರು ಮಳೆ. ಆ ಚಿಲಿಪಿಲಿ ಬರುವಾಗ ಅಪ್ಪ ಒಳಗಿಂದ ಬಂದು ತೋಟದ ಕಡೆ ನೋಡಿ "ಇದ್ಯಾವ ಹಕ್ಕಿನೋ, ನಮ್ ಕಡೇದಲ್ಲ" ಅಂದ್ರು. ನಾನು ಹೇಳ್ಲಿಲ್ಲ. ಅಕಾರ್ಡಿಯನ್ ತನಕ ಅಲ್ಲೇ ನಿಂತಿದ್ರು.