ವೈನ್ ಕೂಲರ್ 12ಕ್ಕೆ ಇಟ್ಟರೂ 21 ತೋರಿಸುತ್ತಿದೆ, ಗ್ಯಾಸ್ ತುಂಬಿಸಲಾ?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):

ನಮ್ಮ ಭಾವ ಬೆಂಗಳೂರಲ್ಲಿ ಮನೆ ಖಾಲಿ ಮಾಡುವಾಗ ಅವರ 18 ಬಾಟಲಿಯ ವೈನ್ ಕೂಲರ್ ನಮಗೆ ಕೊಟ್ಟರು. ಅಲ್ಲಿ ಎರಡು ವರ್ಷ ಏನೂ ತೊಂದರೆ ಇರಲಿಲ್ಲವಂತೆ. ಇಲ್ಲಿ ಏಪ್ರಿಲ್ ಶುರುವಾದಾಗಿನಿಂದ 12ಕ್ಕೆ ಸೆಟ್ ಮಾಡಿದರೂ 21ರ ಕೆಳಗೆ ಇಳಿಯುತ್ತಲೇ ಇಲ್ಲ. ಫ್ಯಾನ್ ಹಗಲು ರಾತ್ರಿ ತಿರುಗುತ್ತದೆ. ಒಳಗೆ ಹಿಂದಿನ ಗೋಡೆಯಿಂದ ನೀರು ಇಳಿದು ಕೆಳಗಿನ ಬಾಟಲಿಗಳ ಲೇಬಲ್ ಎಲ್ಲಾ ಒದ್ದೆ. ಮೆಕ್ಯಾನಿಕ್ ಒಬ್ಬರು ಬಂದು, ಬಾಗಿಲು ತೆಗೆದು ಕೈ ಇಟ್ಟು ನೋಡಿ, ‘ಗ್ಯಾಸ್ ಹೋಗಿದೆ, 3,500 ಆಗುತ್ತೆ’ ಅಂದರು. ತುಂಬಿಸಲಾ, ಮಾರಿಬಿಡಲಾ? ಬಳಸಿ ಗೊತ್ತಿರುವವರು ಹೇಳಿ.

ಉತ್ತರ 1 (ದಾವಣಗೆರೆ):

ಸರ್, ದುಡ್ಡು ಕೊಡುವ ಮುಂಚೆ ಕೂಲರ್‌ನ ಬೆನ್ನು ತಿರುಗಿಸಿ ನೋಡಿ. ಕೆಳಗೆ ಮೂಲೆಯಲ್ಲಿ ಕರಿ ಚೊಂಬಿನ ಥರ ಕಂಪ್ರೆಸರ್ ಕೂತಿದೆಯಾ? ಇಲ್ಲಾ, ಬರೀ ಒಂದು ಫ್ಯಾನು, ಅದರ ಹಿಂದೆ ಅಲ್ಯೂಮಿನಿಯಂ ಪಟ್ಟಿಗಳು ಮಾತ್ರವಾ? ಬರೀ ಫ್ಯಾನ್ ಇದ್ದರೆ ಅದು ಪೆಲ್ಟಿಯರ್ ಮಾದರಿ. ಅದರಲ್ಲಿ ಮೆಕ್ಯಾನಿಕ್ ಬಂದು ತುಂಬಿಸುವ ಗ್ಯಾಸೇ ಇರುವುದಿಲ್ಲ. ಬಿಸ್ಕತ್ತಿನಷ್ಟು ದೊಡ್ಡ ಒಂದು ಚಿಪ್ ಇರುತ್ತದೆ, ಕರೆಂಟ್ ಹರಿದರೆ ಅದರ ಒಂದು ಮೈ ತಣ್ಣಗಾಗುತ್ತದೆ, ಇನ್ನೊಂದು ಮೈ ಬಿಸಿಯಾಗುತ್ತದೆ, ಆ ಬಿಸಿಯನ್ನು ಫ್ಯಾನ್ ಹೊರಗೆ ತಳ್ಳುತ್ತದೆ, ಅಷ್ಟೇ. ಇದರ ತಾಕತ್ತು ರೂಮಿನ ಬಿಸಿಗಿಂತ ಒಂದು 15 ಡಿಗ್ರಿ ಕೆಳಗೆ, ತೀರಾ ಒಳ್ಳೆಯದಾದರೆ 20. ಬೆಂಗಳೂರಿನ ಹಾಲ್‌ನಲ್ಲಿ 27 ಇದ್ದಾಗ 12 ಆರಾಮಾಗಿ ಬಂದಿರುತ್ತದೆ. ನಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿ ಮನೆ ಒಳಗೇ 36. ಅದರಲ್ಲಿ 15 ಕಳೆಯಿರಿ. 21 ಬಂತು ಅಲ್ವಾ? ಮಶಿನ್ ಕೆಟ್ಟಿಲ್ಲ, ಊರು ಬದಲಾಗಿದೆ.

ಕಂಪ್ರೆಸರ್ ಇದ್ದರೆ ಮಾತು ಬೇರೆ, ಆದರೂ ಮೊದಲು ಹಿಂದಿರುವ ಸ್ಟಿಕ್ಕರ್ ಓದಿ. ಕ್ಲೈಮೇಟ್ ಕ್ಲಾಸ್ ಅಂತ ಒಂದು ಸಾಲು ಇರುತ್ತದೆ. ‘ಎನ್’ ಅಂದರೆ ಸುತ್ತಲಿನ ಬಿಸಿ 32ರವರೆಗೆ, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. ಎನ್ ಅಂದರೆ ನಾರ್ಮಲ್, ಯಾರ ಊರಿನ ನಾರ್ಮಲ್ಲೋ ಗೊತ್ತಿಲ್ಲ, ನಮ್ಮದಂತೂ ಅಲ್ಲ. ಹೊಸದು ಕೊಳ್ಳುವವರು ಬಾಗಿಲಿನ ನೀಲಿ ಲೈಟು, ಮರದ ಹಲಗೆ ನೋಡಿ ಮರುಳಾಗದೆ ಈ ಅಕ್ಷರ ನೋಡಿ.

ನನ್ನದು ಕಂಪ್ರೆಸರ್ ಇರುವುದೇ. ಆದರೂ ಮೊದಲ ಬೇಸಿಗೆ ಒದ್ದಾಡಿಸಿತು, ತಪ್ಪು ಮಾತ್ರ ನಂದೇ. ಹಾಲ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಬಡಗಿಗೆ ಹೇಳಿ ಶೋಕೇಸ್ ಒಳಗೆ ಬಿಗಿಯಾಗಿ ಕೂರಿಸಿದೆ, ಸುತ್ತ ಒಂದು ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ಶೋಕೇಸ್ ಕಾಲಿನಿಂದ ಮೇಲಕ್ಕೆ ಕೆಂಪಿರುವೆ ಸಾಲು. ಬೆನ್ನು ಹಿಡಿದು ಹೋದರೆ ಕೂಲರ್ ಒಳಗೆ ಒಂದು ಬಾಟಲಿಯ ಕಾರ್ಕ್ ಅರ್ಧ ಇಂಚು ಹೊರಗೆ ಬಂದಿದೆ, ಕುತ್ತಿಗೆ ಸುತ್ತ ವೈನ್ ಜಿನುಗಿ ಬೆಲ್ಲದ ಪಾಕದ ಥರ ಅಂಟಂಟು, ಅಲ್ಲಿ ಇರುವೆಗಳ ಜಾತ್ರೆ. ಒಳಗೆ ಬಿಸಿ ಏರಿದ್ದಕ್ಕೆ ವೈನ್ ಹಿಗ್ಗಿ ಕಾರ್ಕ್ ತಳ್ಳಿತ್ತು. ಕೆಲವು ಮಾದರಿ ಬಿಸಿಗಾಳಿಯನ್ನು ಮುಂದೆ ಕೆಳಗಿನ ಜಾಲರಿಯಿಂದ ಬಿಡುತ್ತವೆ, ಅವನ್ನು ಮಾತ್ರ ಕಪಾಟಿನೊಳಗೆ ಇಡಬಹುದು. ನನ್ನದು ಬೆನ್ನಿನಿಂದ ಬಿಡುವುದು. ಅದಕ್ಕೆ ಹಿಂದೆ ಒಂದು ಗೇಣಾದರೂ ಜಾಗ ಬೇಕು. ಬಡಗಿಗೆ ಕೊಟ್ಟ ದುಡ್ಡು ಹೋಯಿತು, ಈಗ ಶೋಕೇಸ್‌ನಲ್ಲಿ ಅಪ್ಪನ ಕ್ಯಾರಂ ಕಪ್‌ಗಳಿವೆ.

ಇನ್ನು ಜಾಗದ ವಿಷಯ. ಒಂದು ಥರ್ಮಾಮೀಟರ್ ತಂದು ಮಧ್ಯಾಹ್ನ 3 ಗಂಟೆಗೆ ಒಂದೊಂದು ರೂಮಿನಲ್ಲಿ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆ ದೇವರ ಮನೆಯ ಪಕ್ಕದ್ದು. ಅಮ್ಮ ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಎರಡನೇ ತಂಪು ಜಾಗ ಮೆಟ್ಟಿಲ ಕೆಳಗೆ, ಹಾಲ್‌ಗಿಂತ 4 ಡಿಗ್ರಿ ಕಡಿಮೆ, ಬಿಸಿಲು ಬೀಳಲ್ಲ. ಅಲ್ಲಿಗೆ ಹಾಕಿದ ಮೇಲೆ 13ಕ್ಕೆ ನಿಂತಿದೆ. ಡಿಸ್‌ಪ್ಲೇ ನಂಬರ್ ಪೂರ್ತಿ ನಂಬಬೇಡಿ, ಅದು ಒಳಗಿನ ಗಾಳಿಯದು. ಒಂದು ಸಣ್ಣ ಬಾಟಲಿಗೆ ನೀರು ತುಂಬಿ, ಮಧ್ಯದ ಹಲಗೆಯಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಆ ನೀರಿಗೆ ಥರ್ಮಾಮೀಟರ್ ಹಾಕಿ. ವೈನ್ ಎಷ್ಟು ತಣ್ಣಗಿದೆ ಅನ್ನುವುದು ಆಗ ಗೊತ್ತಾಗುತ್ತದೆ.

ನೀರು ಇಳಿಯುವುದಕ್ಕೆ ಹೆದರಬೇಡಿ. ಹೊರಗಿನ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಒಳಗೆ ಹಿಂದುಗಡೆ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅದು ಕಟ್ಟಿಕೊಂಡಿರಬಹುದು, ಎಳನೀರು ಕುಡಿಯುವ ಸ್ಟ್ರಾ ಹಾಕಿ ಮೆಲ್ಲಗೆ ಬಿಡಿಸಿ. ಜೊತೆಗೆ ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ರಬ್ಬರ್‌ಗೆ ಬಿಸಿನೀರಿನ ಬಟ್ಟೆ ಒತ್ತಿ ಹಿಡಿದರೆ ಎಷ್ಟೋ ಸಲ ಮತ್ತೆ ನೆಟ್ಟಗಾಗುತ್ತದೆ.

ಉತ್ತರ 2 (ಚಿತ್ರದುರ್ಗ):

ಮೇಲಿನವರು ಹೇಳಿದ್ದು ಸರಿ. ಧೂಳಿನ ಮಾತು ಬಿಟ್ಟಿದ್ದಾರೆ. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ವಿಂಡ್‌ಮಿಲ್ ಸುಮ್ನೆ ಹಾಕಿಲ್ಲ. ಒಂದು ವರ್ಷ ಹಿಂದಿನ ಜಾಲರಿ ಮುಟ್ಟದೆ ಬಿಟ್ಟೆ. ಬಿಚ್ಚಿದಾಗ ಧೂಳು ಕಂಬಳಿ ಥರ ಒಂದೇ ಹಾಳೆಯಾಗಿ ಕೈಗೆ ಬಂತು. ಪ್ಲಗ್ ಕಿತ್ತು, ಪೇಂಟ್ ಹೊಡೆಯುವ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದೆ. ಮಾರನೇ ದಿನ 3 ಡಿಗ್ರಿ ಕಡಿಮೆ ತೋರಿಸಿತು. ನಿಮ್ಮ ಮನೆ ಮಂಡಕ್ಕಿ ಭಟ್ಟಿ ಹತ್ತಿರ ಇದ್ದರೆ ಹೊಗೆಯ ಮಸಿಯೂ ಸೇರಿರುತ್ತದೆ, ಎರಡು ತಿಂಗಳಿಗೊಮ್ಮೆ ಮಾಡಿ.

ಕಂಪ್ರೆಸರ್ ಇದ್ದವರಿಗೆ ಇನ್ನೊಂದು ಮಾತು. ಕರೆಂಟ್ ಹೋಗಿ ತಕ್ಷಣ ಬಂದಾಗ ಕೂಲರ್ ‘ಟಕ್’ ಅಂದು ಸುಮ್ಮನಾದರೆ ಗಾಬರಿಯಾಗಿ ಆನ್ ಆಫ್ ಮಾಡುತ್ತಾ ಕೂರಬೇಡಿ. 5 ನಿಮಿಷ ಬಿಡಿ, ಒಳಗಿನ ಒತ್ತಡ ಇಳಿದ ಮೇಲೆ ತಾನಾಗೇ ಹೊರಡುತ್ತದೆ. ತಡಮಾಡಿ ಆನ್ ಆಗುವ ಸ್ಟೆಬಿಲೈಜರ್ ಹಾಕಿದರೆ ಈ ಗೋಳೇ ಇಲ್ಲ. ಕರೆಂಟ್ ಇಲ್ಲದಾಗ ಬಾಗಿಲು ತೆಗೆಯಬೇಡಿ, ತುಂಬಿದ ಬಾಟಲಿಗಳು ತಂಪು ಹಿಡಿದುಕೊಂಡಿರುತ್ತವೆ. ಹೊಸ ಮಾದರಿಗಳಲ್ಲಿ ಜಾಸ್ತಿ ಇರುವ ಗ್ಯಾಸ್ ಆರ್‌600ಎ, ಬೆಂಕಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಗ್ಯಾಸ್ ಲೈನ್ ಬಿಚ್ಚಲು ಗೊತ್ತಿಲ್ಲದವರ ಕೈಗೆ ಕೊಡಬೇಡಿ.

ಬಾಟಲಿ ಮಲಗಿಸಿಡುವುದು ಕಾರ್ಕ್ ಒಣಗದಿರಲಿ ಅಂತ. ನಾಶಿಕ್ ಕಡೆಯ ಎಷ್ಟೋ ಬಾಟಲಿಗಳಿಗೆ ತಿರುಗಿಸುವ ಮುಚ್ಚಳವೇ ಇರುತ್ತದೆ, ಅವನ್ನು ನಿಲ್ಲಿಸಿದರೂ ನಡೆಯುತ್ತದೆ.

ಉತ್ತರ 3 (ದಾವಣಗೆರೆ, ಪಿ.ಜೆ. ಬಡಾವಣೆ):

ದಯವಿಟ್ಟು ಅದರಲ್ಲಿ ಹಾಲು, ಬೆಣ್ಣೆ ಇಡಬೇಡಿ. ದೋಸೆಗೆ ಅಂತ ತಂದ ಬೆಣ್ಣೆ ನಮ್ಮತ್ತೆ ಅದರಲ್ಲೇ ಇಟ್ಟು ನಾಲ್ಕೇ ದಿನಕ್ಕೆ ಹುಳಿ ವಾಸನೆ. ತಿನ್ನುವ ಸಾಮಾನಿಗೆ 5ರ ಕೆಳಗೆ ಬೇಕು, ಇದು 12ರ ಡಬ್ಬ. ಮಲ್ಲಿಗೆ ಹೂ ಮಾತ್ರ ಮೂರು ದಿನ ಬಾಡಲ್ಲ, ನಿಜ.

ಕೇಳಿದವರು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಬೆನ್ನು ತಿರುಗಿಸಿ ನೋಡಿದೆ, ಕಂಪ್ರೆಸರ್ ಇಲ್ಲವೇ ಇಲ್ಲ, ಬರೀ ಫ್ಯಾನು. ಪಟ್ಟಿಗಳ ಮಧ್ಯೆ ಧೂಳು, ಜೊತೆಗೆ ಒಂದು ಸತ್ತ ಹಲ್ಲಿ. ಕ್ಲೀನ್ ಮಾಡಿ, ಗೋಡೆಯಿಂದ ಮುಂದಕ್ಕೆ ಎಳೆದು, ಕೆಳಗಿನ ಮಹಡಿಯ ಸ್ಟೋರ್‌ರೂಮಿಗೆ ಹಾಕಿದೆ. ಅಲ್ಲಿ ರೂಮೇ 31, ಒಳಗೆ 16. ಕೆಂಪು ವೈನ್ ಕುಡಿಯಲು ಅಷ್ಟೇ ಸಾಕಂತೆ, ಬಿಳಿಯದನ್ನು ಎರಡು ತಾಸು ಮುಂಚೆ ಫ್ರಿಜ್‌ಗೆ ಹಾಕುತ್ತೇನೆ. ಹೇಗೂ ಹತ್ತು ವರ್ಷ ಕೂಡಿಡುವ ಬಾಟಲಿ ನಮ್ಮ ಹತ್ತಿರ ಒಂದೂ ಇಲ್ಲ. ಮಾರುವುದಿಲ್ಲ. ತೂತು ಬಿಡಿಸಿದ ಮೇಲೆ ನೀರೂ ನಿಂತಿದೆ.

ಈಗಷ್ಟೇ ಆ ಮೆಕ್ಯಾನಿಕ್ ಫೋನ್ ಮಾಡಿದ್ದರು. ‘ಸಾರ್, ಗ್ಯಾಸ್ ತಂದಿಟ್ಟಿದ್ದೀನಿ, ಯಾವಾಗ ಬರಲಿ?’ ಅಂತ.